ಗೆಳತಿಯ ಮೊಬೈಲ್‌ಗೆ ಕಾಣುವ ಪ್ರಿಂಟರ್ ನನ್ನ ಲ್ಯಾಪ್‌ಟಾಪ್‌ಗೇಕೆ ಕಾಣದು?

ಪ್ರಶ್ನೆ: ಹಾಸನದ ಕಾಲೇಜೊಂದರಲ್ಲಿ ಕನ್ನಡ ಎಂ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಕಿರುಪ್ರಬಂಧ ಸಲ್ಲಿಸುವ ದಿನ ಹತ್ತಿರ ಬಂದಿದೆ. ಗ್ರಂಥಾಲಯದಲ್ಲಿ ಒಂದು ದೊಡ್ಡ ಪ್ರಿಂಟರ್, ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಸಣ್ಣ ಪ್ರಿಂಟರ್ ಇವೆ. ವಿದ್ಯಾರ್ಥಿಗಳು ಬಳಸಬಹುದು ಎಂದು ಫಲಕವನ್ನೂ ಹಾಕಿದ್ದಾರೆ. ಗ್ರಂಥಾಲಯದ್ದು ನನ್ನ ಲ್ಯಾಪ್‌ಟಾಪ್‌ಗೆ ಕಾಣಿಸುವುದೇ ಇಲ್ಲ. ಅಲ್ಲೇ ಅರೆಕಾಲಿಕ ಕೆಲಸ ಮಾಡುವ ಗೆಳತಿ ಮಾತ್ರ ಮೊಬೈಲ್‌ನಿಂದ ಸಲೀಸಾಗಿ ಮುದ್ರಿಸುತ್ತಾಳೆ. ಕಂಪ್ಯೂಟರ್ ಕೊಠಡಿಯದ್ದು ಅಲ್ಲಿಯ ವೈಫೈ ಹಿಡಿದರೆ ಕಾಣಿಸುತ್ತದೆ, ಆದರೆ ಹೆಸರು, ಪಾಸ್‌ವರ್ಡ್ ಕೇಳಿ, ಕೊಟ್ಟರೆ ತಪ್ಪು ಎನ್ನುತ್ತದೆ. ಬೇಸತ್ತು ಪೆನ್‌ಡ್ರೈವ್‌ನಲ್ಲಿ ಒಯ್ದರೆ, ನುಡಿ ತಂತ್ರಾಂಶದಲ್ಲಿ ಬರೆದದ್ದೆಲ್ಲ ಇಂಗ್ಲಿಷ್ ಅಕ್ಷರಗಳ ಕಸವಾಗಿ ಬಂತು. ನನ್ನದು ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್. ನಾನೇ ಒಂದು ಪ್ರಿಂಟರ್ ಕೊಳ್ಳುವುದು ಒಳ್ಳೆಯದೇ?

ಉತ್ತರ: ಕೊಳ್ಳಬೇಡಿ. ಒಂದು ಕಿರುಪ್ರಬಂಧಕ್ಕಾಗಿ ಪ್ರಿಂಟರ್ ಕೊಳ್ಳುವುದು ಒಂದು ಮದುವೆಗಾಗಿ ಕಲ್ಯಾಣ ಮಂಟಪ ಕಟ್ಟಿಸಿದಂತೆ. ಅದೂ ಅಗ್ಗದ ಇಂಕ್‌ಜೆಟ್ ಆದರೆ, ಎರಡು ತಿಂಗಳು ಬಳಸದೆ ಬಿಟ್ಟರೆ ಸಾಕು, ಶಾಯಿ ಒಣಗಿ ಮೂತಿ ಕಟ್ಟಿಕೊಂಡು ಕೂರುತ್ತದೆ.

ನಿಮ್ಮ ಪತ್ರದಲ್ಲಿ ಮೂರು ಕಾಯಿಲೆಗಳಿವೆ; ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಮಾಡುವುದೇನೆಂದರೆ, ಎಲ್ಲವನ್ನೂ ‘ಪ್ರಿಂಟ್ ಬರುತ್ತಿಲ್ಲ’ ಎಂದು ಒಂದೇ ಗಂಟು ಕಟ್ಟಿ, ಪ್ರಿಂಟರ್ ಜೊತೆ ಮಾತಾಡಲು ಕಂಪ್ಯೂಟರ್‌ಗೆ ಬೇಕಾದ ಡ್ರೈವರ್ ಎಂಬ ತಂತ್ರಾಂಶ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಹೀಗೇ ಸಂಜೆಯಾಗುತ್ತದೆ. ನಾನು ಕಾಲೇಜುಗಳ ನೆಟ್‌ವರ್ಕ್ ನೋಡಿಕೊಂಡು ತಲೆ ನರೆಸಿಕೊಂಡವನು. ಯಾರಾದರೂ ಲ್ಯಾಪ್‌ಟಾಪ್ ಹಿಡಿದು ಬಂದರೆ ನಾನು ಲ್ಯಾಪ್‌ಟಾಪ್ ಮುಟ್ಟುವ ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮಗೂ ಪ್ರಿಂಟರ್‌ಗೂ ನಡುವೆ ಯಾರಿದ್ದಾರೆ?

ಇದನ್ನು ತಿಳಿಯಲು ಸಾಫ್ಟ್‌ವೇರ್ ಬೇಕಿಲ್ಲ. ಪ್ರಿಂಟರ್‌ನ ಬೆನ್ನ ಹಿಂದೆ ಬಗ್ಗಿ ನೋಡಿ. ಕರೆಂಟಿನ ವೈರಲ್ಲದೆ ಇನ್ನೊಂದು ವೈರಿರುತ್ತದೆ. ಅದರ ತುದಿ ಹಳೆಯ ಟೆಲಿಫೋನ್ ಪಿನ್ನಿನಂತೆ, ಆದರೆ ಕೊಂಚ ಅಗಲವಾಗಿ, ಒತ್ತಿದರೆ ಬಿಡುವ ಪ್ಲಾಸ್ಟಿಕ್ ನಾಲಿಗೆಯೊಂದಿಗೆ ಇದ್ದರೆ ಅದು ನೆಟ್‌ವರ್ಕ್ ವೈರು. ಆ ಪ್ರಿಂಟರ್ ಸ್ವತಂತ್ರ ಜೀವಿ, ಅದಕ್ಕೆ ತನ್ನದೇ ವಿಳಾಸವಿದೆ. ತುದಿ ಹೆಚ್ಚುಕಡಿಮೆ ಚೌಕವಾಗಿ, ಮೇಲಿನ ಎರಡು ಮೂಲೆ ಕತ್ತರಿಸಿದಂತೆ ಇದ್ದರೆ ಅದು ಯುಎಸ್‌ಬಿ. ಆ ವೈರಿನ ಇನ್ನೊಂದು ತುದಿ ಪಕ್ಕದ ಕಂಪ್ಯೂಟರ್‌ಗೆ ಹೋಗಿರುತ್ತದೆ. ಆ ಪ್ರಿಂಟರ್ ಸ್ವತಂತ್ರವಲ್ಲ. ಏನಿದ್ದರೂ ಆ ಕಂಪ್ಯೂಟರ್ ಎಂಬ ಯಜಮಾನನನ್ನು ಕೇಳಿಯೇ ನಡೆಯಬೇಕು. ಎರಡೂ ವೈರಿಲ್ಲದಿದ್ದರೆ ವೈಫೈ, ಅದೂ ಸ್ವತಂತ್ರ ಜೀವಿಯೇ. ನಿಮ್ಮ ವಿವರಣೆ ನೋಡಿದರೆ ಗ್ರಂಥಾಲಯದ್ದು ಮೊದಲ ಜಾತಿ, ಕಂಪ್ಯೂಟರ್ ಕೊಠಡಿಯದ್ದು ಎರಡನೆಯ ಜಾತಿ.

ಗ್ರಂಥಾಲಯದ್ದನ್ನು ಮೊದಲು ನೋಡೋಣ, ಏಕೆಂದರೆ ನಿಮ್ಮ ಕೆಲಸ ಆಗುವುದು ಅಲ್ಲಿಯೇ. ಮೊಬೈಲ್ ಆಗಲಿ ಲ್ಯಾಪ್‌ಟಾಪ್ ಆಗಲಿ ಪ್ರಿಂಟರ್ ಹುಡುಕುವುದೆಂದರೆ ‘ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ’ ಎಂದು ನೆಟ್‌ವರ್ಕ್‌ನಲ್ಲಿ ಕೂಗುವುದು. ಪ್ರಿಂಟರ್ ‘ಇದ್ದೇನೆ’ ಎಂದು ಓಗೊಡುತ್ತದೆ. ಈ ಕೂಗಿಗೆ ಎಂಡಿಎನ್‌ಎಸ್ ಎಂದು ಹೆಸರು, 224.0.0.251 ಎಂಬ ವಿಳಾಸಕ್ಕೆ, ಬಾಗಿಲ ಸಂಖ್ಯೆಯಂತಿರುವ 5353ನೇ ಪೋರ್ಟ್‌ನಲ್ಲಿ ಹೋಗುತ್ತದೆ. ಐಫೋನ್‌ಗಳಲ್ಲಿ 2010ರಲ್ಲಿ ಬಂದ, ಡ್ರೈವರ್ ಇಲ್ಲದೆ ವೈಫೈ ಮೂಲಕ ಮುದ್ರಿಸುವ ಏರ್‌ಪ್ರಿಂಟ್ ನಿಂತಿರುವುದು ಇದರ ಮೇಲೆ. ಆಂಡ್ರಾಯ್ಡ್ ಫೋನ್‌ಗಳೂ ಪ್ರಿಂಟರ್ ಹುಡುಕುವುದು ಹೀಗೆಯೇ. ತೊಂದರೆ ಎಂದರೆ ಈ ಕೂಗು ಒಂದು ನೆಟ್‌ವರ್ಕ್‌ನ ಗಡಿ ದಾಟುವುದಿಲ್ಲ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವರ ಕೂಗು ಸಾಲಗಾಮೆ ರಸ್ತೆಗೆ ಕೇಳಿಸದ ಹಾಗೆ.

ನಿಮ್ಮ ಗೆಳತಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ ಎಂದಿರಿ. ಗುಟ್ಟು ಅಲ್ಲಿಯೇ ಇದೆ. ಅವಳ ಮೊಬೈಲ್ ಸಿಬ್ಬಂದಿಯ ವೈಫೈನಲ್ಲಿದೆ, ಪ್ರಿಂಟರ್ ಕೂಡ ಅದೇ ನೆಟ್‌ವರ್ಕ್‌ನಲ್ಲಿದೆ. ನೀವು ವಿದ್ಯಾರ್ಥಿಗಳ ವೈಫೈನಲ್ಲಿದ್ದೀರಿ. ಗೋಡೆಯ ಮೇಲಿನ ವೈಫೈ ಪೆಟ್ಟಿಗೆ ಒಂದೇ ಇರಬಹುದು. ಅದರೊಳಗೆ ಎರಡು ನೆಟ್‌ವರ್ಕ್‌ಗಳನ್ನು ಬೇರೆ ಬೇರೆ ಹಳ್ಳಿಗಳಂತೆ ಬೇಲಿ ಹಾಕಿ ಇಟ್ಟಿರುತ್ತಾರೆ. ವಿದ್ಯಾರ್ಥಿಗಳ ಕಡೆ ಇನ್ನೂ ಒಂದು ಬಿಗಿ ಇರುವುದುಂಟು: ಪ್ರತಿಯೊಂದು ಸಾಧನವನ್ನೂ ಬೇರೆಯದರಿಂದ ಮರೆಮಾಡಿ, ಇಂಟರ್‌ನೆಟ್ ಕಡೆಗೆ ಮಾತ್ರ ಬಾಗಿಲು ತೆರೆದಿರುತ್ತಾರೆ. ಇನ್ನೂರು ಲ್ಯಾಪ್‌ಟಾಪ್‌ಗಳಲ್ಲಿ ಹತ್ತಕ್ಕೆ ವೈರಸ್ ಇರುವ ಜಾಗದಲ್ಲಿ ನಾನೂ ಹಾಗೆಯೇ ಮಾಡುತ್ತಿದ್ದೆ.

ನಮ್ಮ ಊರಿನ ಇಸ್ರೊ ಕೇಂದ್ರದಿಂದ ಸುಮಾರು 36,000 ಕಿಲೊಮೀಟರ್ ಮೇಲಿರುವ ಉಪಗ್ರಹಗಳೊಡನೆ ಮಾತುಕತೆ ನಡೆಯುತ್ತದೆ. ಇಲ್ಲಿ ಮೂವತ್ತು ಅಡಿ ದೂರದ ಪ್ರಿಂಟರ್ ಕಾಣುವುದಿಲ್ಲವೇ ಎಂದು ನಿಮಗೆ ಅನ್ನಿಸಿರಬಹುದು. ಆದರೆ ಅವರು ಆಕಾಶಕ್ಕೆ ಮುಖ ಮಾಡಿ ಕೂಗುತ್ತಾ ಕೂರುವುದಿಲ್ಲ. ಯಾವ ಉಪಗ್ರಹ ಎಲ್ಲಿದೆ ಎಂಬ ಲೆಕ್ಕ ಅವರ ಕೈಯಲ್ಲಿದೆ. ನೀವು ಮಾಡಬೇಕಾದದ್ದೂ ಇಷ್ಟೇ. ಹುಡುಕುವುದನ್ನು ಬಿಡಿ, ವಿಳಾಸ ಕೇಳಿ ತೆಗೆದುಕೊಳ್ಳಿ.

ವಿಳಾಸ ಪ್ರಿಂಟರ್‌ನ ಹೊಟ್ಟೆಯಲ್ಲೇ ಇದೆ. ಪರದೆ ಇರುವ ಪ್ರಿಂಟರ್ ಆದರೆ ಮೆನುವಿನಲ್ಲಿ ‘ರಿಪೋರ್ಟ್ಸ್’ ಎಂಬಲ್ಲಿ ಕಾನ್ಫಿಗರೇಷನ್ ಪುಟ ಅಥವಾ ನೆಟ್‌ವರ್ಕ್ ಪುಟ ಎಂದಿರುತ್ತದೆ. ಪರದೆ ಇಲ್ಲದ ಎಷ್ಟೋ ಮಾದರಿಗಳಲ್ಲಿ ಹಸಿರು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಅದೇ ಪುಟ ಹೊರಬರುತ್ತದೆ. ಗ್ರಂಥಾಲಯದವರನ್ನು ಕೇಳಿ ಮಾಡಿಸಿ, ಅವರ ಕಣ್ತಪ್ಪಿಸಿ ಬೇಡ. ಸಣ್ಣ ಅಕ್ಷರಗಳಿಂದ ತುಂಬಿದ ಆ ಹಾಳೆಯಲ್ಲಿ ನಿಮಗೆ ಬೇಕಾದದ್ದು ಒಂದೇ ಸಾಲು, ಐಪಿ ವಿಳಾಸ. 192.168 ಎಂದೋ 10 ಎಂದೋ ಶುರುವಾಗುವ, ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳು. ಅದು 169.254 ಎಂದು ಶುರುವಾಗಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನದೇನೂ ತಪ್ಪಿಲ್ಲ. ಪ್ರಿಂಟರ್‌ಗೆ ನೆಟ್‌ವರ್ಕ್ ವಿಳಾಸವನ್ನೇ ಕೊಟ್ಟಿಲ್ಲ, ತನಗೆ ತಾನೇ ಒಂದನ್ನು ಇಟ್ಟುಕೊಂಡು ಕೂತಿದೆ. ವೈರು ಸಡಿಲವಾಗಿದೆಯೇ ನೋಡಲು ಹೇಳಿ.

ವಿಳಾಸ ಸಿಕ್ಕಿತೇ? ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ತೆರೆದು, ಮೇಲಿನ ಪಟ್ಟಿಯಲ್ಲಿ ಆ ನಾಲ್ಕು ಸಂಖ್ಯೆಗಳನ್ನು ಹಾಕಿ ಎಂಟರ್ ಒತ್ತಿ. ಇಂದಿನ ಬಹುಪಾಲು ನೆಟ್‌ವರ್ಕ್ ಪ್ರಿಂಟರ್‌ಗಳು ತಮ್ಮೊಳಗೆ ಒಂದು ಪುಟ್ಟ ಜಾಲತಾಣ ಇಟ್ಟುಕೊಂಡಿರುತ್ತವೆ. ಟೋನರ್ ಎಷ್ಟಿದೆ, ಯಾವ ಟ್ರೇಯಲ್ಲಿ ಕಾಗದವಿದೆ ಎಂಬ ಪುಟ ತೆರೆದರೆ ದಾರಿ ಇದೆ ಎಂದರ್ಥ. ‘ಈ ತಾಣ ಸುರಕ್ಷಿತವಲ್ಲ’ ಎಂದು ಬ್ರೌಸರ್ ಗೊಣಗಿದರೂ ಸರಿಯೇ, ಗೊಣಗಲು ಕೂಡ ಪ್ರಿಂಟರ್ ಸಿಕ್ಕಿರಲೇಬೇಕಲ್ಲ. ಚಕ್ರ ತಿರುಗಿ ತಿರುಗಿ ಏನೂ ಬಾರದಿದ್ದರೆ ಬೇಲಿ ಅಡ್ಡವಿದೆ. ಆಗ ಡ್ರೈವರ್ ಹುಡುಕುತ್ತಾ ಕೂರುವುದು ದಂಡ. ನೆಟ್‌ವರ್ಕ್ ನೋಡಿಕೊಳ್ಳುವವರ ಬಳಿ ಹೋಗಿ ‘ವಿದ್ಯಾರ್ಥಿಗಳ ವೈಫೈನಿಂದ ಈ ವಿಳಾಸದ 631 ಮತ್ತು 9100ನೇ ಪೋರ್ಟ್‌ಗಳಿಗೆ ದಾರಿ ಬಿಡುತ್ತೀರಾ’ ಎಂದು ಕೇಳಿ. ಬೇಲಿಯಲ್ಲಿ ಇಷ್ಟೇ ಅಗಲದ ಕಿಂಡಿ ಸಾಕು. ಇಷ್ಟು ಖಚಿತವಾಗಿ ಕೇಳುವ ವಿದ್ಯಾರ್ಥಿ ಅವರಿಗೆ ವರ್ಷಕ್ಕೊಬ್ಬರು ಸಿಗುವುದೂ ಅಪರೂಪ. ಹತ್ತು ನಿಮಿಷದ ಕೆಲಸವನ್ನು ಮಾಡಿಕೊಟ್ಟಾರು. ಗೆಳತಿಯಿಂದ ಸಿಬ್ಬಂದಿ ವೈಫೈನ ಪಾಸ್‌ವರ್ಡ್ ಮಾತ್ರ ಕೇಳಬೇಡಿ, ಹೋಗುವುದು ಅವಳ ಕೆಲಸ.

ದಾರಿ ಇದ್ದರೆ ಮುಂದಿನದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ‘ಬ್ಲೂಟೂತ್ ಆ್ಯಂಡ್ ಡಿವೈಸಸ್’, ಅದರೊಳಗೆ ‘ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್’, ಅಲ್ಲಿ ‘ಆ್ಯಡ್ ಡಿವೈಸ್’. ಅದು ಕೂಗಿ ಕೂಗಿ ಸುಸ್ತಾಗುವವರೆಗೆ ಕಾಯಿರಿ. ಕೆಳಗೆ, ಕೈಯಿಂದಲೇ ಸೇರಿಸುತ್ತೇನೆ ಎಂಬರ್ಥದ ‘ಮ್ಯಾನ್ಯುಯಲಿ’ ಎಂಬ ಪದವಿರುವ ಸಾಲು ಮೂಡುತ್ತದೆ. ಅದನ್ನು ಒತ್ತಿ ಐಪಿ ವಿಳಾಸದಿಂದ ಸೇರಿಸುವ ಆಯ್ಕೆ ತೆಗೆದುಕೊಳ್ಳಿ. ‘ಡಿವೈಸ್ ಟೈಪ್’ ಎಂಬಲ್ಲಿ ಮೊದಲು ‘ಐಪಿಪಿ ಡಿವೈಸ್’ ಪ್ರಯತ್ನಿಸಿ. ಐಪಿಪಿ ಎನ್ನುವುದು ಪ್ರಿಂಟರ್‌ಗಳೆಲ್ಲ ಒಪ್ಪಿಕೊಂಡ ಒಂದು ಸಾಮಾನ್ಯ ಭಾಷೆ. ಹೊಸ ಪ್ರಿಂಟರ್ ಆದರೆ ಈ ದಾರಿಯಲ್ಲಿ ಕಂಪನಿಯ ಡ್ರೈವರ್ ಬೇಕಾಗುವುದೇ ಇಲ್ಲ, ವಿಂಡೋಸ್‌ನಲ್ಲಿಯೇ ಇರುವುದು ಸಾಕು. ಅದು ಒಪ್ಪದಿದ್ದರೆ ‘ಟಿಸಿಪಿ/ಐಪಿ ಡಿವೈಸ್’ ಆರಿಸಿ. ಆಗ ಪ್ರಿಂಟರ್‌ನ ಮಾದರಿಗೆ ತಕ್ಕ ಡ್ರೈವರನ್ನು ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಬೇಕಾಗಬಹುದು. ಹುಡುಕಾಟದಲ್ಲಿ ಮೊದಲು ಸಿಗುವ ‘ಉಚಿತ ಡ್ರೈವರ್’ ತಾಣಗಳಿಂದ ಬೇಡ. ಅಲ್ಲಿ ಉಚಿತವಾಗಿ ಸಿಗುವುದು ಡ್ರೈವರ್ ಒಂದೇ ಅಲ್ಲ. ಫಲಕದಲ್ಲಿ ‘ಗೂಗಲ್ ಕ್ಲೌಡ್ ಪ್ರಿಂಟ್ ಬಳಸಿ’ ಎಂದು ಬರೆದಿದ್ದರೆ ಅದನ್ನು ನಂಬಿ ಸಮಯ ಕಳೆಯಬೇಡಿ. ಆ ಸೇವೆ 2020ರ ಡಿಸೆಂಬರ್ 31ಕ್ಕೇ ನಿಂತುಹೋಯಿತು, ಫಲಕಗಳು ಉಳಿದಿವೆ.

ಇವತ್ತು ಸರಿ ಹೋದದ್ದು ನಾಳೆ ಕೆಡಬಹುದು. ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ನಾನು ನೋಡಿಕೊಳ್ಳುತ್ತಿದ್ದ ಪ್ರಿಂಟರ್ ವಾರಕ್ಕೆರಡು ಬಾರಿ ‘ಆಫ್‌ಲೈನ್’ ಆಗುತ್ತಿತ್ತು. ಪ್ರತಿ ಬಾರಿಯೂ ಎಲ್ಲರ ಲ್ಯಾಪ್‌ಟಾಪ್‌ನಿಂದ ತೆಗೆದು ಹೊಸದಾಗಿ ಸೇರಿಸಿದರೆ ಸರಿಹೋಗುತ್ತಿತ್ತು. ಮೂರು ವಾರ ಹೀಗೇ ದುಡಿದೆ. ಕೊನೆಗೊಂದು ದಿನ ಹಳೆಯ ಕಾನ್ಫಿಗರೇಷನ್ ಹಾಳೆಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟಾಗ ಕೊನೆಯ ಸಂಖ್ಯೆ 23 ಇದ್ದದ್ದು 31 ಆಗಿತ್ತು. ಗಾಳಿ ಮಳೆಗೆ ಕರೆಂಟ್ ಹೋಗುತ್ತಿತ್ತು, ಬಂದಾಗ ರೂಟರ್ ಹೊಸದಾಗಿ ವಿಳಾಸ ಹಂಚುತ್ತಿತ್ತು, ಪ್ರಿಂಟರ್‌ಗೆ ಬೇರೆ ಸಂಖ್ಯೆ ಸಿಗುತ್ತಿತ್ತು. ಲ್ಯಾಪ್‌ಟಾಪ್‌ಗಳೆಲ್ಲ ಖಾಲಿ ಮಾಡಿದ ಮನೆಯ ಬಾಗಿಲು ಬಡಿಯುತ್ತಿದ್ದವು. ರೂಟರ್‌ನಲ್ಲಿ ಆ ಪ್ರಿಂಟರ್‌ಗೆ ಒಂದು ವಿಳಾಸ ಕಾದಿರಿಸಿದೆ, ರೋಗ ಬಿಟ್ಟುಹೋಯಿತು. ಮೊದಲ ದಿನವೇ ಹೊಳೆಯಬೇಕಿತ್ತು. ಹಾಗಾಗಿ ನಿಮ್ಮ ಗ್ರಂಥಾಲಯದವರನ್ನು ‘ಈ ವಿಳಾಸ ಕಾದಿರಿಸಿದ್ದೇ, ಬದಲಾಗುವಂಥದ್ದೇ’ ಎಂದು ಕೇಳಿಡಿ.

ವಿಳಾಸ ಬದಲಾಗದೆಯೂ ‘ಆಫ್‌ಲೈನ್’ ಎಂದು ತೋರಿಸುತ್ತಿದ್ದರೆ, ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ‘ಪೋರ್ಟ್ಸ್’, ಅಲ್ಲಿ ‘ಕಾನ್ಫಿಗರ್ ಪೋರ್ಟ್’ ಒತ್ತಿ, ‘ಎಸ್‌ಎನ್‌ಎಂಪಿ ಸ್ಟೇಟಸ್’ ಎಂಬ ಚೌಕದ ಗುರುತು ತೆಗೆಯಿರಿ. ವಿಂಡೋಸ್ ಆಗಾಗ ಪ್ರಿಂಟರ್‌ನ ಯೋಗಕ್ಷೇಮ ವಿಚಾರಿಸುತ್ತದೆ. ಅದಕ್ಕೆ ಉತ್ತರ ಬಾರದಿದ್ದರೆ, ಪ್ರಿಂಟರ್ ಗಟ್ಟಿಮುಟ್ಟಾಗಿದ್ದರೂ ಸತ್ತಿದೆ ಎಂದು ಬರೆದುಕೊಳ್ಳುತ್ತದೆ.

ಈಗ ಕಂಪ್ಯೂಟರ್ ಕೊಠಡಿಯ ಪ್ರಿಂಟರ್. ಇಲ್ಲಿ ನಿಮ್ಮನ್ನು ತಡೆಯುತ್ತಿರುವುದು ಪ್ರಿಂಟರ್ ಅಲ್ಲ, ಅದರ ಯಜಮಾನ ಕಂಪ್ಯೂಟರ್. ಅದು ಕೇಳುವ ಹೆಸರು, ಪಾಸ್‌ವರ್ಡ್ ನಿಮ್ಮವಲ್ಲ. ಆ ಕಂಪ್ಯೂಟರ್‌ನಲ್ಲಿ ಇರುವ ಖಾತೆಯವು. ನಿಮ್ಮ ಇಮೇಲ್, ನಿಮ್ಮ ಲ್ಯಾಪ್‌ಟಾಪ್ ತೆರೆಯುವ ಪಿನ್, ಯಾವುದೂ ಅಲ್ಲಿ ನಡೆಯುವುದಿಲ್ಲ. ಪಿನ್ ಎನ್ನುವುದು ನಿಮ್ಮ ಲ್ಯಾಪ್‌ಟಾಪ್‌ನ ಹೊಸ್ತಿಲು ದಾಟಿದರೆ ಬೆಲೆಯಿಲ್ಲದ ನಾಣ್ಯ. ಹೆಸರು ಬರೆಯುವಾಗಲೂ ಬರಿಯ ಖಾತೆಯ ಹೆಸರಲ್ಲ, ಮೊದಲು ಆ ಕಂಪ್ಯೂಟರ್‌ನ ಹೆಸರು, ನಂತರ ಹಿಂದಕ್ಕೆ ಬಾಗಿದ ಗೆರೆ (\), ಆಮೇಲೆ ಖಾತೆಯ ಹೆಸರು ಬರೆಯಬೇಕು.

ಇಷ್ಟು ಮಾಡಿಯೂ ‘ತಪ್ಪು’ ಎಂದರೆ ನನ್ನ ಅನುಮಾನ ಒಂದೇ ಕಡೆ ಹೋಗುತ್ತದೆ: ಆ ಖಾತೆಗೆ ಪಾಸ್‌ವರ್ಡ್ ಇಲ್ಲ. ಎಲ್ಲರೂ ಬಳಸಲಿ ಎಂದು ಕೊಠಡಿಯ ಕಂಪ್ಯೂಟರ್‌ಗಳನ್ನು ಹಾಗೇ ಬಿಟ್ಟಿರುತ್ತಾರೆ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ಎದುರಿಗೆ ಕೂತು ತೆರೆಯಬಹುದು, ಆದರೆ ನೆಟ್‌ವರ್ಕ್‌ನಿಂದ ಬಂದರೆ ವಿಂಡೋಸ್ ಒಳಗೆ ಬಿಡುವುದಿಲ್ಲ. ಬೀಗವಿಲ್ಲದ ಬಾಗಿಲಿಗೆ ನೀವು ಯಾವ ಕೀಲಿ ತಂದರೂ ತಪ್ಪೇ. ಮುದ್ರಣಕ್ಕೆಂದೇ ಒಂದು ಪ್ರತ್ಯೇಕ ಖಾತೆ ತೆರೆದು, ಅದಕ್ಕೊಂದು ಪಾಸ್‌ವರ್ಡ್ ಇಟ್ಟು ಕೊಡಿ ಎಂದು ಅಲ್ಲಿಯವರನ್ನು ಕೇಳಿ. ‘ಮೊದಲೆಲ್ಲ ಹೆಸರು ಕೇಳದೆಯೇ ಬರುತ್ತಿತ್ತು’ ಎಂದು ಅವರು ಹೇಳಬಹುದು. ನಿಜ, ಬರುತ್ತಿತ್ತು. ಅತಿಥಿಯಾಗಿ ಒಳಹೋಗುವ ಆ ದಾರಿಯನ್ನು ಹೊಸ ವಿಂಡೋಸ್ ಆವೃತ್ತಿಗಳು ತಾವಾಗಿಯೇ ಮುಚ್ಚಿವೆ. ಹೊಸ ಪಾಸ್‌ವರ್ಡ್ ಸಿಕ್ಕ ಮೇಲೂ ಹಳೆಯ ತಪ್ಪೇ ಬರುತ್ತಿದ್ದರೆ, ಕಂಟ್ರೋಲ್ ಪ್ಯಾನೆಲ್‌ನ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ತೆರೆದು, ಆ ಕಂಪ್ಯೂಟರ್ ಹೆಸರಿನಲ್ಲಿ ಕೂಡಿಟ್ಟ ಹಳೆಯ ನಮೂದು ಅಳಿಸಿ.

ಇದಾದ ಮೇಲೆ ಇನ್ನೊಂದು ಗೋಡೆ ಎದುರಾಗಬಹುದು, ಕೊನೆಯಲ್ಲಿ 11ಬಿ ಎಂದಿರುವ ಉದ್ದದ ದೋಷಸಂಖ್ಯೆ. ಅದರ ಹಿಂದೆ ಒಂದು ಕಥೆಯಿದೆ. 2021ರ ಮಧ್ಯದಲ್ಲಿ ವಿಂಡೋಸ್‌ನ ಮುದ್ರಣ ವ್ಯವಸ್ಥೆಯಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂದು ಹೆಸರಾದ ಭಾರೀ ದೋಷ ಬಯಲಾಯಿತು. ಪ್ರಿಂಟರ್ ಡ್ರೈವರ್ ಎಂಬ ನೆಪದಲ್ಲಿ ಪರರು ನಿಮ್ಮ ಕಂಪ್ಯೂಟರ್‌ನಲ್ಲಿ ಏನು ಬೇಕಾದರೂ ಸೇರಿಸಬಹುದಿತ್ತು. ಮೈಕ್ರೊಸಾಫ್ಟ್ ಒಂದಾದ ಮೇಲೊಂದು ಬಿಗಿ ಮಾಡಿತು. ಆ ವರ್ಷದ ಆಗಸ್ಟ್‌ನಿಂದ ಹಂಚಿಕೊಂಡ ಪ್ರಿಂಟರ್‌ನ ಡ್ರೈವರ್ ಸೇರಿಸಲು ಕಂಪ್ಯೂಟರ್‌ನ ಆಡಳಿತಾಧಿಕಾರ ಬೇಕಾಯಿತು. ಮುದ್ರಣ ವ್ಯವಸ್ಥೆಯ ಇನ್ನೊಂದು ದೋಷವನ್ನು ಮುಚ್ಚಲು ಸೆಪ್ಟೆಂಬರ್‌ನ ಅಪ್‌ಡೇಟ್ ಬಂದ ಮೇಲೆ, ಅದನ್ನು ಹಾಕಿಕೊಂಡ ಮತ್ತು ಹಾಕಿಕೊಳ್ಳದ ವಿಂಡೋಸ್‌ಗಳ ನಡುವೆ ಮಾತೇ ನಿಂತು, ಈ 11ಬಿ ಎಲ್ಲ ಕಚೇರಿಗಳಲ್ಲೂ ಕುಣಿಯಿತು. ಪರಿಹಾರವೆಂದು, ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆಯನ್ನು ಸೊನ್ನೆ ಮಾಡುವ ಉಪಾಯ ವಿಡಿಯೊಗಳಲ್ಲಿ ಸಿಗುತ್ತದೆ. ಅದು ಕೆಲಸ ಮಾಡುತ್ತದೆ, ಏಕೆಂದರೆ ಹಾಕಿದ ಅಗುಳಿಯನ್ನೇ ತೆಗೆಯುತ್ತದೆ. ಪರರ ಕಂಪ್ಯೂಟರ್‌ನಲ್ಲಿ ಅಗುಳಿ ತೆಗೆಯಿರಿ ಎಂದು ನಾನು ಹೇಳಲಾರೆ. ಬದಲಿಗೆ ಡ್ರೈವರನ್ನು ಕಂಪನಿಯ ತಾಣದಿಂದ ನಿಮ್ಮ ಲ್ಯಾಪ್‌ಟಾಪ್‌ಗೇ ಹಾಕಿಕೊಂಡು, ‘ಲೋಕಲ್ ಪೋರ್ಟ್’ ಎಂದು ಹೊಸದು ತೆರೆದು, ಅದರ ಹೆಸರಿನ ಜಾಗದಲ್ಲಿ ಎರಡು ಬಾಗಿದ ಗೆರೆ, ಕಂಪ್ಯೂಟರ್ ಹೆಸರು, ಒಂದು ಬಾಗಿದ ಗೆರೆ, ಪ್ರಿಂಟರ್ ಹಂಚಿಕೆಯ ಹೆಸರು ಬರೆಯಿರಿ. ಬಹಳಷ್ಟು ಸಲ ಇದು ದಾಟಿಸುತ್ತದೆ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಇಷ್ಟೆಲ್ಲ ಮಾಡುತ್ತಿರಲಿಲ್ಲ. ನಮ್ಮ ಕಚೇರಿ, ಕಾಲೇಜುಗಳಲ್ಲಿ ಎಲ್ಲೆಲ್ಲೂ ಕಾಣುವ ಸಣ್ಣ ಲೇಸರ್ ಪ್ರಿಂಟರ್‌ಗಳು ಕ್ಯಾನನ್ ಎಲ್‌ಬಿಪಿ 2900 ಮತ್ತು ಎಚ್‌ಪಿ ಲೇಸರ್‌ಜೆಟ್ 1020. ಎತ್ತಿನಂಥ ಯಂತ್ರಗಳು, ದುಡಿಯುತ್ತಲೇ ಇರುತ್ತವೆ. ಆದರೆ ಅವುಗಳಿಗೆ ಸ್ವಂತ ಬುದ್ಧಿ ಇಲ್ಲ. ಪುಟವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸುವ ಕೆಲಸವೆಲ್ಲ ಕಂಪ್ಯೂಟರ್‌ನದೇ. ಪ್ರಿಂಟರ್ ಚುಕ್ಕಿ ಒತ್ತುತ್ತದೆ, ಅಷ್ಟೇ. ಅದಕ್ಕಾಗಿ ಸಾಮಾನ್ಯ ಡ್ರೈವರ್ ನಡೆಯುವುದಿಲ್ಲ, ಆಯಾ ಮಾದರಿಯದ್ದೇ ಬೇಕು. ಮ್ಯಾಕ್ ಮತ್ತು ಲಿನಕ್ಸ್ ಬಳಸುವವರು ಈ ಎರಡರ ಮುಂದೆ ಹರಕೆ ಹೊರಬೇಕಾಗುತ್ತದೆ. ಇಂಟೆಲ್, ಎಎಂಡಿ ಬದಲು ಎಆರ್‌ಎಂ ಎಂಬ ಬೇರೆ ಬಗೆಯ ಚಿಪ್‌ನ ಹೊಸ ಲ್ಯಾಪ್‌ಟಾಪ್ ಆದರೂ ಕಷ್ಟವೇ, ಹಳೆಯ ಡ್ರೈವರ್‌ಗಳು ಅದರ ಮೇಲೆ ಕೂರುವುದಿಲ್ಲ. ಇಂಥದ್ದಾದರೆ ಕಡತವನ್ನು ಪಿಡಿಎಫ್ ಮಾಡಿ, ನಿಮಗೇ ಇಮೇಲ್ ಮಾಡಿಕೊಂಡು, ಕೊಠಡಿಯ ಕಂಪ್ಯೂಟರ್‌ನಲ್ಲಿ ತೆರೆದು ಮುದ್ರಿಸಿ. ಬರುವಾಗ ಲಾಗ್‌ಔಟ್ ಮಾಡಿ, ಡೌನ್‌ಲೋಡ್ಸ್‌ನಲ್ಲಿ ಉಳಿದ ಪ್ರತಿಯನ್ನು ಅಳಿಸಿ.

ಪಿಡಿಎಫ್ ಎಂದದ್ದು ನಿಮ್ಮ ಮೂರನೆಯ ಕಾಯಿಲೆಗೂ ಮದ್ದು. ನುಡಿಯ ಹಳೆಯ ಫಾಂಟ್‌ಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಕನ್ನಡ ಅಕ್ಷರವನ್ನಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಖ್ಯೆಗಳನ್ನು. ಆ ಸಂಖ್ಯೆಗೆ ಕನ್ನಡದ ವೇಷ ಹಾಕುವುದು ಫಾಂಟ್. ಕೊಠಡಿಯ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಲಿಲ್ಲ, ವೇಷ ಕಳಚಿತು, ಕಸ ಕಂಡಿತು. ನಿಮ್ಮ ಬರಹ ಹಾಳಾಗಿಲ್ಲ, ಹೆದರಬೇಡಿ. ವರ್ಡ್‌ನಲ್ಲಿ ‘ಸೇವ್ ಆ್ಯಸ್’ ಕೊಟ್ಟು ಪಿಡಿಎಫ್ ಮಾಡಿದರೆ ಫಾಂಟ್ ಕಡತದೊಳಗೇ ಸೇರಿ ಜೊತೆಗೆ ಪ್ರಯಾಣ ಮಾಡುತ್ತದೆ. ಸೇರಿದೆಯೇ ಎಂದು ತಿಳಿಯಲು ಅಡೋಬಿ ರೀಡರ್‌ನಲ್ಲಿ ಕಡತದ ಪ್ರಾಪರ್ಟೀಸ್ ತೆರೆದು ‘ಫಾಂಟ್ಸ್’ ನೋಡಿ; ಪ್ರತಿಯೊಂದರ ಮುಂದೆಯೂ ‘ಎಂಬೆಡೆಡ್’ ಎಂದಿರಬೇಕು. ಪರದೆಯಲ್ಲಿ ಚೆನ್ನಾಗಿದ್ದ ಒತ್ತಕ್ಷರಗಳು ಕಾಗದದ ಮೇಲೆ ಮುರಿದು ಬಂದರೆ ಮುದ್ರಿಸುವ ಕಿಟಕಿಯಲ್ಲಿ ‘ಅಡ್ವಾನ್ಸ್ಡ್’ ಒತ್ತಿ ‘ಪ್ರಿಂಟ್ ಆ್ಯಸ್ ಇಮೇಜ್’ ಗುರುತು ಹಾಕಿ. ಪುಟ ನಿಧಾನವಾಗಿ ಬರುತ್ತದೆ, ಆದರೆ ‘ಕ್ಷ್ಮ’ ಇದ್ದದ್ದು ‘ಕ್ಷ್ಮ’ವಾಗಿಯೇ ಬರುತ್ತದೆ.

ಒಂದು ದೃಶ್ಯ ಪರೀಕ್ಷೆಯ ದಿನಗಳಲ್ಲಿ ತಪ್ಪದೆ ಕಾಣಸಿಗುತ್ತದೆ. ಪ್ರಿಂಟರ್ ಮೇಲೆ ಕಿತ್ತಳೆ ದೀಪ ಮಿನುಗುತ್ತಿದೆ, ಟ್ರೇ ತುಂಬ ಕಾಗದವಿದೆ, ಸುತ್ತ ಆರು ಜನ ನಿಂತಿದ್ದಾರೆ, ಒಬ್ಬೊಬ್ಬರೂ ಮೂರು ಮೂರು ಬಾರಿ ‘ಪ್ರಿಂಟ್’ ಒತ್ತಿದ್ದಾರೆ. ಆಗಿರುವುದಿಷ್ಟೇ: ಸಾಲಿನ ಮೊದಲಿನವರ ಕಡತದಲ್ಲಿ ಕಾಗದದ ಅಳತೆ ‘ಲೆಟರ್’ ಎಂದಿದೆ. ಅದು ಅಮೆರಿಕದ ಅಳತೆ, 216 ಮಿ.ಮೀ. ಅಗಲ, 279 ಮಿ.ಮೀ. ಉದ್ದ. ಟ್ರೇಯಲ್ಲಿರುವುದು ಎ4, 210 ಮತ್ತು 297. ಪ್ರಿಂಟರ್ ತನಗೆ ಬೇಕಾದ ಕಾಗದ ಬರಲೆಂದು ಕಾಯುತ್ತಿದೆ, ಹಿಂದಿನವರೆಲ್ಲ ಅದಕ್ಕಾಗಿ ಕಾಯುತ್ತಿದ್ದಾರೆ. ಯಾರೋ ಒಬ್ಬರು ಸಿಟ್ಟಿನಿಂದ ಹಸಿರು ಗುಂಡಿ ಒತ್ತಿದೊಡನೆ ಹದಿನೆಂಟು ಪ್ರತಿಗಳೂ ಒಟ್ಟಿಗೆ ಸುರಿಯುತ್ತವೆ. ಮನೆಯಿಂದ ಹೊರಡುವ ಮೊದಲು ವರ್ಡ್‌ನಲ್ಲಿಯೂ ಪ್ರಿಂಟರ್‌ನ ‘ಪ್ರಿಫರೆನ್ಸಸ್‌’ನಲ್ಲಿಯೂ ಎ4 ಇದೆಯೇ ನೋಡಿಕೊಳ್ಳಿ.

ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕೆಲಸ ಸಿಕ್ಕಿಕೊಂಡು, ಅಳಿಸಿದರೂ ಹೋಗದೆ ‘ಡಿಲೀಟಿಂಗ್’ ಎಂದೇ ತೋರಿಸುತ್ತಿದ್ದರೆ, ‘ಸರ್ವಿಸಸ್’ ತೆರೆದು ಮುದ್ರಣದ ಸರದಿ ನೋಡಿಕೊಳ್ಳುವ ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ. ಸಿ ಡ್ರೈವ್‌ನ ವಿಂಡೋಸ್, ಅದರಲ್ಲಿ ಸಿಸ್ಟಮ್32, ಅದರಲ್ಲಿ ಸ್ಪೂಲ್, ಅದರಲ್ಲಿ ಪ್ರಿಂಟರ್ಸ್ ಎಂಬ ಫೋಲ್ಡರ್‌ನಲ್ಲಿರುವ ಕಡತಗಳನ್ನು ಅಳಿಸಿ, ಸ್ಪೂಲರ್ ಮತ್ತೆ ಶುರುಮಾಡಿ. ಫೋಲ್ಡರ್ ಅಳಿಸಬೇಡಿ, ಒಳಗಿನದನ್ನು ಮಾತ್ರ.

ನಾಳೆಯೇ ಹೋಗಿ ಮೊದಲು ಗ್ರಂಥಾಲಯದ ಪ್ರಿಂಟರ್‌ನ ಬೆನ್ನು ನೋಡಿ, ಕಾನ್ಫಿಗರೇಷನ್ ಹಾಳೆ ತೆಗೆಸಿ, ಬ್ರೌಸರ್‌ನಲ್ಲಿ ವಿಳಾಸ ಹಾಕಿ. ಪುಟ ತೆರೆದರೆ ಒಂದೇ ಒಂದು ಹಾಳೆ ಮುದ್ರಿಸಿ ನೋಡಿ, ಒತ್ತಕ್ಷರ ಹೆಚ್ಚಿರುವ ಪುಟವನ್ನೇ ಆರಿಸಿ. ತೆರೆಯದಿದ್ದರೆ, ಲ್ಯಾಪ್‌ಟಾಪ್‌ನ ವೈಫೈ ಪ್ರಾಪರ್ಟೀಸ್‌ನಲ್ಲಿ ನಿಮ್ಮದೇ ಐಪಿ ವಿಳಾಸ ಏನಿದೆ ಎಂದು ಬರೆದುಕೊಂಡು, ಎರಡೂ ವಿಳಾಸಗಳೊಂದಿಗೆ ನೆಟ್‌ವರ್ಕ್ ನೋಡಿಕೊಳ್ಳುವವರ ಬಳಿ ಹೋಗಿ. ಹಾಗೆಯೇ, ಪಿಡಿಎಫ್ ಮಾಡುವ ಮೊದಲು ಎಡಗಡೆಯ ಅಂಚನ್ನು ಬೈಂಡಿಂಗ್‌ಗೆ ಸಾಕಾಗುವಷ್ಟು ಬಿಟ್ಟಿದ್ದೀರಾ ನೋಡಿ. ಅಂಚು ಬದಲಾಯಿಸಿದರೆ ಪುಟಸಂಖ್ಯೆಗಳೆಲ್ಲ ಜರುಗುತ್ತವೆ, ಪರಿವಿಡಿಯನ್ನು ಮತ್ತೆ ತಿದ್ದಬೇಕಾಗುತ್ತದೆ.